ತಡವಾಗಿ ಬಂದವರಿಗೂ ಜಾಗವಿರುವ ವಿಜ್ಞಾನ

ಬಿಎಸ್ಸಿ ಕೊನೆಯ ವರ್ಷದ ಹುಡುಗ ಸೂಟಿಗೆ ಊರಿಗೆ ಬಂದರೆ ಡಫಳಾಪುರದ ಕಡೆ ಹಿರಿಯರು ಕೇಳುವ ಪ್ರಶ್ನೆ ಒಂದೇ: “ಮುಂದ ಏನ್ ಮಾಡಾಂವ ತಮ್ಮಾ?” ಉತ್ತರಗಳೂ ಬಹಳ ಇಲ್ಲ. ಬಿಎಡ್, ಪೊಲೀಸ್ ಭರ್ತಿ, ಎಂಪಿಎಸ್ಸಿ, ಬ್ಯಾಂಕಿನ ಪರೀಕ್ಷೆ. ಯಾವುದೂ ಕೈಹಿಡಿಯದಿದ್ದರೆ ಅಪ್ಪನ ದ್ರಾಕ್ಷಿ, ದಾಳಿಂಬೆ. ಇಂಜಿನಿಯರಿಂಗ್ ಎಂಬ ಮಾತು ಆ ಹೊತ್ತಿಗೆ ಯಾರ ಬಾಯಲ್ಲೂ ಬರುವುದಿಲ್ಲ. ಅದು ಹನ್ನೆರಡನೆಯ ತರಗತಿಯ ಮಾರ್ಕಿನ ಜೊತೆಗೇ ಮುಗಿದ ಕತೆ ಎಂದು ಹುಡುಗನೂ ಮನೆಯವರೂ ಮಾಸ್ತರರೂ ಒಪ್ಪಿಕೊಂಡುಬಿಟ್ಟಿರುತ್ತಾರೆ.

ಅಷ್ಟು ಬೇಗ ಒಪ್ಪಿಕೊಳ್ಳಬೇಕಾಗಿಲ್ಲ. ಇಂಜಿನಿಯರಿಂಗಿನಲ್ಲಿ ಒಂದು ಶಾಖೆ ಇದೆ. ಅದಕ್ಕೆ ಹದಿನೆಂಟನೆಯ ವಯಸ್ಸಿಗೇ ಬಾಗಿಲು ಹಾಕಿಕೊಳ್ಳುವ ಚಾಳಿ ಇಲ್ಲ. ವಸ್ತುವಿಜ್ಞಾನ, ಅಂದರೆ ಮಟೀರಿಯಲ್ಸ್ ಸೈನ್ಸ್ ಅಂಡ್ ಇಂಜಿನಿಯರಿಂಗ್. ನಮ್ಮ ದೇಶದಲ್ಲಿ ಇದರ ಬಿಟೆಕ್ ಸೀಟುಗಳು ಕಂಪ್ಯೂಟರ್ ಸೈನ್ಸಿನ ಮುಂದೆ ಲೆಕ್ಕಕ್ಕೇ ಸಿಗುವುದಿಲ್ಲ. ಇದರ ಜೀವ ಇರುವುದು ಸ್ನಾತಕೋತ್ತರ ತರಗತಿಯಲ್ಲಿ. ಅಲ್ಲಿ ಮೆಕ್ಯಾನಿಕಲ್ ಓದಿದವರ ಪಕ್ಕದಲ್ಲಿ ಲೋಹಶಾಸ್ತ್ರ ಓದಿದವರು, ಅವರ ಪಕ್ಕದಲ್ಲಿ ಭೌತವಿಜ್ಞಾನ ಅಥವಾ ರಸಾಯನ ವಿಜ್ಞಾನದ ಎಂಎಸ್ಸಿ ಮುಗಿಸಿದವರು ಕೂತಿರುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ಎಲ್ಲರಿಗೂ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ಗಡಿಭಾಗದ ವಿದ್ಯಾರ್ಥಿಗೆ ಇಂಥ ತರಗತಿ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಗಡಿಭಾಗ ಎಂದೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪಶ್ಚಿಮಕ್ಕಿರುವ ಡಫಳಾಪುರ 1917ರವರೆಗೆ ಬೆರಳೆಣಿಕೆಯ ಹಳ್ಳಿಗಳ ಒಂದು ಪುಟ್ಟ ಸಂಸ್ಥಾನ. ಆಮೇಲೆ ಜತ್ತ ಸಂಸ್ಥಾನಕ್ಕೆ ಸೇರಿತು. 1948ರಲ್ಲಿ ಮುಂಬಯಿ ಪ್ರಾಂತ, 1960ರಲ್ಲಿ ಮಹಾರಾಷ್ಟ್ರ. ಜತ್ತದ ರಾಜಮನೆತನದ ಡಫಳೆ ಎಂಬ ಅಡ್ಡಹೆಸರು ಬಂದದ್ದೂ ಈ ಊರಿನಿಂದಲೇ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್: ಇದು ತಾಲ್ಲೂಕಿನ ಸಾವಿರಾರು ಮಕ್ಕಳ ನಿತ್ಯದ ಪಾಡು. 1967ರ ಮಹಾಜನ ವರದಿಯಿಂದ ಹಿಡಿದು 2022ರ ಗಡಿ ಗಲಾಟೆಯವರೆಗೆ ಪತ್ರಿಕೆಗಳಲ್ಲಿ ಜತ್ತದ ಹೆಸರು ಬಂದದ್ದೆಲ್ಲ ಗಡಿಯ ಮಾತಿಗೆ, ಇಲ್ಲವೇ ನೀರಿನ ಮಾತಿಗೆ. ಓದಿನ ಮಾತಿಗೆ ಬಂದದ್ದು ಕಡಿಮೆ.

ಬಂದಿರುವ ಒಂದು ಜಾಗವನ್ನು ಹೇಳಿಬಿಡುತ್ತೇನೆ. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ. ಕರ್ನಾಟಕದ ಸಿಇಟಿ ಅರ್ಹತೆಯ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆಂದೇ ಒಂದು ಕಲಮು ಇದೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಎಂದು ತಾಲ್ಲೂಕುಗಳ ಹೆಸರು ಹಿಡಿದೇ ಬರೆದಿದ್ದಾರೆ. ಅಲ್ಲಿ ಇಷ್ಟು ವರ್ಷ ಓದಿರಬೇಕು, ಮಾತೃಭಾಷೆಯ ಪ್ರಮಾಣಪತ್ರ ಬೇಕು, ಕನ್ನಡ ಬರುತ್ತದೆ ಎಂದು ತೋರಿಸಬೇಕು. ಷರತ್ತುಗಳ ವಿವರವನ್ನು ಆಯಾ ವರ್ಷದ ಕೈಪಿಡಿಯಲ್ಲೇ ನೋಡಿಕೊಳ್ಳಬೇಕು. ಆದರೆ ಇದೂ ಹದಿನೆಂಟನೆಯ ವಯಸ್ಸಿನ ಬಾಗಿಲೇ. ಸ್ನಾತಕೋತ್ತರ ಮಟ್ಟಕ್ಕೆ ಬಂದರೆ ರಾಜ್ಯದ ಗಡಿಯ ಪ್ರಶ್ನೆಯೇ ಹೆಚ್ಚುಕಡಿಮೆ ಕರಗಿಹೋಗುತ್ತದೆ. ಐಐಟಿ, ಐಐಎಸ್ಸಿ, ಎನ್‌ಐಟಿಗಳ ಎಂಟೆಕ್‌ಗೆ ಬೇಕಾದದ್ದು ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕ. ನಿಮ್ಮ ಊರು ಯಾವ ರಾಜ್ಯದ್ದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಅಷ್ಟಕ್ಕೂ ಅಲ್ಲಿ ಓದುವುದೇನು? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಬೆಳಗಾವಿ ಮತ್ತು ಕೊಲ್ಹಾಪುರ ದೇಶದ ದೊಡ್ಡ ಫೌಂಡ್ರಿ ಊರುಗಳು. ಸಾಂಗ್ಲಿ ಜಿಲ್ಲೆಯಲ್ಲೇ ಕಿರ್ಲೋಸ್ಕರವಾಡಿ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರಾದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, 1910ರಲ್ಲಿ ಔಂಧ ಸಂಸ್ಥಾನದ ಬರಡು ಭೂಮಿಗೆ ಬಂದು ಕಾರ್ಖಾನೆ ಕಟ್ಟಿದರು. ಕಬ್ಬಿಣದ ನೇಗಿಲು ಹೂಡಿದರೆ ಭೂಮಿಗೆ ವಿಷವಾಗುತ್ತದೆ ಎಂದು ಆಗಿನ ರೈತರು ಹೆದರಿದ್ದರಂತೆ. ಆ ಹೆದರಿಕೆಗೆ ಆಧಾರವಿರಲಿಲ್ಲ. ಆದರೆ ಎರಕದ ಕಬ್ಬಿಣದ ಬಗ್ಗೆ ಹೆದರಬೇಕಾದ ಇನ್ನೊಂದು ಗುಣ ನಿಜವಾಗಿಯೂ ಇದೆ. ಪೆಟ್ಟು ಬಿದ್ದರೆ ಅದು ಬಗ್ಗುವುದಿಲ್ಲ, ಒಡೆಯುತ್ತದೆ.

ಯಾಕೆ ಒಡೆಯುತ್ತದೆ ಎಂಬಲ್ಲಿಂದ ವಸ್ತುವಿಜ್ಞಾನ ಶುರು. ಎರಕದ ಕಬ್ಬಿಣದಲ್ಲಿ ನೂರಕ್ಕೆ ಮೂರೂವರೆ ಪಾಲಿನಷ್ಟು ಇಂಗಾಲ, ಸುಮಾರು ಎರಡು ಪಾಲು ಸಿಲಿಕಾನ್ ಇರುತ್ತದೆ. ಕರಗಿದ ಕಬ್ಬಿಣ ಆರುತ್ತ ಬಂದಂತೆ ಅಷ್ಟೊಂದು ಇಂಗಾಲವನ್ನು ಹಿಡಿದಿಟ್ಟುಕೊಳ್ಳಲಾರದೆ ಗ್ರ್ಯಾಫೈಟ್ ರೂಪದಲ್ಲಿ ಹೊರಹಾಕುತ್ತದೆ. ಆ ಗ್ರ್ಯಾಫೈಟ್ ತೆಳ್ಳನೆಯ ಚೂಪು ಪದರಗಳಾಗಿ ಕಬ್ಬಿಣದ ಉದ್ದಗಲಕ್ಕೂ ಹರಡಿಕೊಳ್ಳುತ್ತದೆ. ಬಟ್ಟೆ ಅಂಗಡಿಯವನು ಥಾನು ಹರಿಯುವ ಮೊದಲು ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕುತ್ತಾನಲ್ಲ, ಆಮೇಲೆ ಕೈಯಿಂದ ಎಳೆದರೆ ಸರ್ರನೆ ಸೀಳುತ್ತದಲ್ಲ, ಈ ಪದರಗಳ ತುದಿಯದೂ ಅದೇ ಕೆಲಸ. ಎಳೆತವೆಲ್ಲ ಆ ಚೂಪಿಗೆ ಬಂದು ನಿಲ್ಲುತ್ತದೆ; ಬಿರುಕು ಅಲ್ಲಿಂದ ಓಡುತ್ತದೆ.

1940ರ ದಶಕದಲ್ಲಿ ಇದಕ್ಕೊಂದು ಉಪಾಯ ಸಿಕ್ಕಿತು. ಅಚ್ಚಿಗೆ ಸುರಿಯುವ ಮುನ್ನ ಕರಗಿದ ಕಬ್ಬಿಣಕ್ಕೆ ಮ್ಯಾಗ್ನೀಸಿಯಂ ಸೇರಿಸಿದರೆ, ಅದು ಕೊನೆಗೆ ನೂರಕ್ಕೆ 0.03ರಿಂದ 0.05ರಷ್ಟು ಉಳಿದರೂ ಸಾಕು, ಗ್ರ್ಯಾಫೈಟ್ ಪದರವಾಗದೆ ಉಂಡೆಯಾಗುತ್ತದೆ. ಉಂಡೆಗೆ ಚೂಪು ತುದಿ ಇಲ್ಲ. ಬಿರುಕಿಗೆ ಶುರುವಾಗಲು ಜಾಗ ಸಿಗುವುದಿಲ್ಲ. ಹಿಗ್ಗಿಸಿದರೆ ಶೇ 1ರಷ್ಟೂ ಹಿಗ್ಗದೆ ತುಂಡಾಗುತ್ತಿದ್ದ ಕಬ್ಬಿಣ, ಕೆಲವು ದರ್ಜೆಗಳಲ್ಲಿ ಶೇ 15ಕ್ಕೂ ಮಿಕ್ಕಿ ಹಿಗ್ಗಿಕೊಳ್ಳುತ್ತದೆ. ಫೌಂಡ್ರಿಯವರು ಎಸ್‌ಜಿ ಐರನ್ ಎನ್ನುವುದು ಇದನ್ನೇ.

ಹೇಳಲು ಸುಲಭ, ಮಾಡಲು ಅಲ್ಲ. ಮ್ಯಾಗ್ನೀಸಿಯಂ ಸುಮಾರು 1,090 ಡಿಗ್ರಿಗೇ ಕುದಿಯುತ್ತದೆ. ಕರಗಿದ ಲೋಹ ಹೊರುವ ಪಾತ್ರೆಯಾದ ಲೇಡಲ್‌ನಲ್ಲಿರುವ ಕಬ್ಬಿಣದ ಶಾಖ 1,400 ಡಿಗ್ರಿಯ ಮೇಲೆ. ಬಿದ್ದ ಕೂಡಲೇ ಬೆಳ್ಳಗೆ ಉರಿದು ಆವಿಯಾಗಿ ಹಾರಿಹೋಗುತ್ತದೆ. ಅದಕ್ಕೇ ಅದನ್ನು ಸಿಲಿಕಾನ್, ಕಬ್ಬಿಣದ ಜೊತೆ ಬೆರೆಸಿದ ಮಿಶ್ರಲೋಹವಾಗಿಸಿ ಲೇಡಲ್‌ನ ತಳದಲ್ಲಿ ಹುದುಗಿಸಿ ಮೇಲೆ ಕಬ್ಬಿಣದ ಚೂರು ಮುಚ್ಚುತ್ತಾರೆ. ಅಷ್ಟಾದರೂ ಕೆಲವೇ ನಿಮಿಷ. ಸುರಿಯುವುದು ತಡವಾದರೆ ಮ್ಯಾಗ್ನೀಸಿಯಂ ಕಡಿಮೆಯಾಗುತ್ತ ಬಂದು ಗ್ರ್ಯಾಫೈಟ್ ಮತ್ತೆ ಪದರದ ಕಡೆಗೆ ತಿರುಗುತ್ತದೆ. ಆ ಲಾಟ್ ರಿಜೆಕ್ಷನ್. ಇದನ್ನೆಲ್ಲ ಬೆಳಗಾವಿಯ ಫೌಂಡ್ರಿಗಳಿರುವ ಉದ್ಯಮಬಾಗದ ಸೂಪರ್‌ವೈಸರ್ ಯಾವ ಪದವಿಯೂ ಇಲ್ಲದೆ ಅನುಭವದಿಂದಲೇ ಬಲ್ಲ. ಎಂಟೆಕ್ ವಿದ್ಯಾರ್ಥಿ ಕಲಿಯುವುದು ಇದರ ಮುಂದಿನದು: ಉಂಡೆ ಯಾಕೆ ಆಗುತ್ತದೆ? ಗಂಧಕ, ಆಮ್ಲಜನಕಗಳನ್ನು ಮ್ಯಾಗ್ನೀಸಿಯಂ ಎಳೆದುಕೊಳ್ಳುವುದರಿಂದ ಗ್ರ್ಯಾಫೈಟ್ ಹರಳು ಬೆಳೆಯುವ ದಿಕ್ಕು ಹೇಗೆ ಬದಲಾಗುತ್ತದೆ? ಇದರ ಪೂರ್ತಿ ವಿವರಣೆಯ ಬಗ್ಗೆ ಸಂಶೋಧಕರಲ್ಲಿ ಇಂದಿಗೂ ಒಮ್ಮತವಿಲ್ಲ. ಎಂಬತ್ತು ವರ್ಷದಿಂದ ಟನ್ನುಗಟ್ಟಲೆ ತಯಾರಾಗುತ್ತಿರುವ ವಸ್ತುವಿನ ಒಳಗುಟ್ಟು ಇನ್ನೂ ಪೂರ್ತಿ ಬಿಟ್ಟುಕೊಟ್ಟಿಲ್ಲ ಎಂಬುದು ನನಗಂತೂ ಈ ವಿಷಯದ ದೊಡ್ಡ ಆಕರ್ಷಣೆ.

ಒಟ್ಟು ಪಠ್ಯದ ನಡಿಗೆಯೂ ಹೀಗೆಯೇ. ಒಂದು ವಸ್ತುವನ್ನು ಹೇಗೆ ತಯಾರಿಸಿದೆ ಎಂಬುದು ಅದರ ಒಳರಚನೆಯನ್ನು ತೀರ್ಮಾನಿಸುತ್ತದೆ, ಒಳರಚನೆ ಗುಣವನ್ನು, ಗುಣ ಬಾಳಿಕೆಯನ್ನು. ಈ ಸರಪಳಿ ಲೋಹಕ್ಕಷ್ಟೇ ಅಲ್ಲ. ಜತ್ತದ ದಾಳಿಂಬೆ ತೋಟದ ಡ್ರಿಪ್ ಪೈಪು ಯಾಕೆ ಕರ್ರಗಿದೆ? ಪಾಲಿಥೀನಿನ ಉದ್ದನೆಯ ಅಣುಸರಗಳನ್ನು ಬಿಸಿಲಿನ ನೇರಳಾತೀತ ಕಿರಣ ಕಡಿದುಹಾಕುತ್ತದೆ. ಶೇ 2ರ ಆಸುಪಾಸು ಕಾರ್ಬನ್ ಬ್ಲ್ಯಾಕ್ ಬೆರೆಸಿದರೆ ಅದು ಕಿರಣವನ್ನು ತಾನೇ ಹೀರಿಕೊಳ್ಳುತ್ತದೆ. ತಾಲ್ಲೂಕಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆ ಲೋಹದ್ದಲ್ಲ. ಗಾಜಿನ ನೂಲನ್ನು ಎಪಾಕ್ಸಿಯಂಥ ಅಂಟಿನಲ್ಲಿ ಕೂರಿಸಿದ ಕಾಂಪೊಸಿಟ್ ಅದು. ಲೋಹದಲ್ಲಿ ಮಾಡಿದ್ದರೆ ತನ್ನ ಭಾರಕ್ಕೇ ಸೋಲುತ್ತಿತ್ತು.

ಲೋಹ, ಪ್ಲಾಸ್ಟಿಕ್, ಪಿಂಗಾಣಿ, ಸೆಮಿಕಂಡಕ್ಟರ್ ಎಲ್ಲಕ್ಕೂ ಒಂದೇ ವ್ಯಾಕರಣ ಎಂಬ ಅರಿವು ತೀರ ಹಳೆಯದಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ತನ್ನ ಲೋಹಶಾಸ್ತ್ರ ವಿಭಾಗದ ಹೆಸರನ್ನು ವಸ್ತುವಿಜ್ಞಾನ ಎಂದು ಬದಲಿಸಿತು. ಟ್ರಾನ್ಸಿಸ್ಟರು ಬಂದಾಗಿತ್ತು, ಸಿಲಿಕಾನ್ ಶುದ್ಧಿ ಮಾಡುವವರು ಬೇಕಾಗಿದ್ದರು. ನಮ್ಮಲ್ಲಿ 1940ರ ದಶಕದ ನಡುವಿನಲ್ಲಿ ಹುಟ್ಟಿದ ಬೆಂಗಳೂರು ಐಐಎಸ್ಸಿಯ ಲೋಹಶಾಸ್ತ್ರ ವಿಭಾಗ ಈ ಶತಮಾನದಲ್ಲಿ ಮಟೀರಿಯಲ್ಸ್ ಇಂಜಿನಿಯರಿಂಗ್ ಆಯಿತು. 1950ರ ದಶಕದಲ್ಲಿ ಅದನ್ನು ನಡೆಸಿದ ಬ್ರಹ್ಮಪ್ರಕಾಶ್ ಮುಂದೆ ಅಣುಶಕ್ತಿಗೂ ಬಾಹ್ಯಾಕಾಶಕ್ಕೂ ಬೇಕಾದ ಲೋಹಗಳ ಕೆಲಸ ಹೊತ್ತವರು. ಸುರತ್ಕಲ್‌ನ ಎನ್‌ಐಟಿಯಲ್ಲಿ ಲೋಹ ಮತ್ತು ವಸ್ತು ಎರಡೂ ಹೆಸರು ಜೋಡಿಯಾಗಿಯೇ ಇವೆ.

ಡಫಳಾಪುರದ ವಿದ್ಯಾರ್ಥಿಗೆ ಬೆಂಗಳೂರಿಗಿಂತ ಹತ್ತಿರದ ಉದಾಹರಣೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ. 1962ರಲ್ಲಿ ಆರಂಭವಾದ ಇದರ ವ್ಯಾಪ್ತಿಗೇ ಸಾಂಗ್ಲಿ ಜಿಲ್ಲೆ ಸೇರುತ್ತದೆ. ಅಲ್ಲಿನ ಭೌತವಿಜ್ಞಾನ ವಿಭಾಗ ತೆಳುಪದರಗಳ ಸಂಶೋಧನೆಗೆ ಹೊರದೇಶಗಳಲ್ಲೂ ಹೆಸರು ಮಾಡಿತು. ಸಿ.ಡಿ. ಲೋಖಂಡೆ ಮೊದಲಾದವರು ಹಿಡಿದ ದಾರಿ ನೋಡಬೇಕು. ತೆಳುಪದರ ಬೆಳೆಸಲು ದೊಡ್ಡ ಪ್ರಯೋಗಾಲಯಗಳು ನಿರ್ವಾತ ಯಂತ್ರ ಬಳಸುತ್ತವೆ. ಬೆಲೆ ಲಕ್ಷಗಳಲ್ಲಿ, ಕೋಟಿಗಳಲ್ಲಿ. ಇಲ್ಲಿ ಬೇಕಾದದ್ದು ಬೀಕರು, ನೀರು, ಒಂದು ಹಾಟ್ ಪ್ಲೇಟು. ಕ್ಯಾಡ್ಮಿಯಂ ಲವಣದ ದ್ರಾವಣಕ್ಕೆ ಅಮೋನಿಯಾ, ಥಯೋಯೂರಿಯಾ ಹಾಕಿ 60ರಿಂದ 80 ಡಿಗ್ರಿಗೆ ಕಾಯಿಸಿ, ಗಾಜಿನ ಪಟ್ಟಿಯೊಂದನ್ನು ಇಳಿಬಿಟ್ಟರೆ ಅದರ ಮೇಲೆ ಹಳದಿ ಬಣ್ಣದ ಕ್ಯಾಡ್ಮಿಯಂ ಸಲ್ಫೈಡ್ ಪದರ ಕೂರುತ್ತದೆ. ಸೌರಕೋಶಗಳಲ್ಲಿ ಬಳಕೆಯಾದ ಸೆಮಿಕಂಡಕ್ಟರ್ ಇದು. ಜಾಣತನವೆಲ್ಲ ನಿಧಾನದಲ್ಲಿದೆ. ಅಮೋನಿಯಾ ಕ್ಯಾಡ್ಮಿಯಮ್ಮನ್ನು ಕಟ್ಟಿಹಾಕಿ ಸ್ವಲ್ಪಸ್ವಲ್ಪವೇ ಬಿಡುತ್ತದೆ, ಥಯೋಯೂರಿಯಾ ಗಂಧಕವನ್ನು ಸ್ವಲ್ಪಸ್ವಲ್ಪವೇ ಬಿಡುತ್ತದೆ. ಎರಡೂ ಒಮ್ಮೆಲೇ ಕೂಡಿದರೆ ಪುಡಿಯಾಗಿ ತಳಕ್ಕೆ ಬೀಳುತ್ತವೆ, ಗಾಜಿಗೆ ಅಂಟುವುದಿಲ್ಲ. ಕ್ಯಾಡ್ಮಿಯಂ ವಿಷ, ಉಳಿದ ನೀರನ್ನು ಸಿಂಕಿಗೆ ಚೆಲ್ಲುವಂತಿಲ್ಲ ಎಂಬುದೂ ಪಾಠದ ಭಾಗ. ದುಡ್ಡಿಲ್ಲದ ವಿಭಾಗವೊಂದು ದುಡ್ಡು ಬೇಡದ ವಿಧಾನದಲ್ಲಿ ಪಳಗಿ ಹೆಸರು ಮಾಡಿದ್ದು ಸಣ್ಣ ಸಂಗತಿಯಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳದೆ ಹೋದರೆ ತಪ್ಪಾಗುತ್ತದೆ. ಬೀಕರು ಸಾಕಾದದ್ದೇ ದೇಶದ ಎಷ್ಟೋ ಕಡೆ ಒಂದೇ ಅಡುಗೆ ನಡೆಯುತ್ತಿದೆ. ಈ ಆಕ್ಸೈಡಿಗೆ ಆ ಧಾತು ಸ್ವಲ್ಪ ಬೆರೆಸು, ಎಕ್ಸ್-ರೇ ತೆಗೆಸು, ಸೂಕ್ಷ್ಮದರ್ಶಕದ ಚಿತ್ರ ಹಾಕು, ಪೇಪರ್ ಕಳಿಸು. ಮರುವರ್ಷ ಬೇರೆ ಧಾತು. ಪೇಪರಿನ ಎಣಿಕೆ ಏರುತ್ತದೆ, ತಿಳಿವಳಿಕೆ ಏರುವುದಿಲ್ಲ. ಪಿಎಚ್‌ಡಿಗೆ ಗೈಡ್ ಹುಡುಕುವ ಹುಡುಗ ಹುಡುಗಿಯರು ಪೇಪರುಗಳನ್ನು ಎಣಿಸುವ ಬದಲು ಅವರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂದು ವಿಚಾರಿಸುವುದು ಒಳ್ಳೆಯದು.

ಇನ್ನು ದಾರಿಗಳ ಮಾತು. ಬಿಎಸ್ಸಿ ಕೊನೆಯ ವರ್ಷದಲ್ಲೇ ಬರೆಯಬಹುದಾದ ಪರೀಕ್ಷೆ ಜ್ಯಾಮ್. ಮೂರು ಗಂಟೆ, ನೂರು ಅಂಕ. ಭೌತವಿಜ್ಞಾನ ಅಥವಾ ರಸಾಯನ ವಿಜ್ಞಾನದಲ್ಲಿ ಒಳ್ಳೆಯ ರ‍್ಯಾಂಕ್ ಬಂದರೆ ಐಐಟಿಗಳ ಎಂಎಸ್ಸಿ ಸಿಗುತ್ತದೆ. 1989ರಲ್ಲಿ ಶುರುವಾದ ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಬಿಎಸ್ಸಿಯಿಂದ ನೇರ ಸಂಯೋಜಿತ ಪಿಎಚ್‌ಡಿಗೆ ಸೇರುವ ಅವಕಾಶವಿದೆ. ವಸ್ತುವಿಜ್ಞಾನ ಅಲ್ಲಿನ ಮುಖ್ಯ ವಿಷಯ. ಜ್ಯಾಮ್ ಒಲಿಯದಿದ್ದರೆ ಕೊಲ್ಹಾಪುರ, ಧಾರವಾಡದ ಎಂಎಸ್ಸಿ ಇದ್ದೇ ಇದೆ. ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆಯಲ್ಲಿ ವಸ್ತುವಿಜ್ಞಾನದ್ದೇ ಎಂಎಸ್ಸಿ ಉಂಟು. ಎಂಎಸ್ಸಿಯ ಬಳಿಕ ಗೇಟ್. ಹಲವು ಐಐಟಿಗಳು ವಸ್ತುವಿಜ್ಞಾನದ ಎಂಟೆಕ್‌ಗೆ ಭೌತ, ರಸಾಯನ ಎಂಎಸ್ಸಿಯವರನ್ನು ಅವರ ವಿಷಯದ ಗೇಟ್ ಅಂಕದ ಮೇಲೇ ತೆಗೆದುಕೊಳ್ಳುತ್ತವೆ. ಇಂಜಿನಿಯರಿಂಗ್ ಮುಗಿಸಿದವರಿಗೆ ಲೋಹಶಾಸ್ತ್ರದ ಪ್ರಶ್ನೆಪತ್ರಿಕೆ ಇದೆ, ಇಲ್ಲವೇ ಎಕ್ಸ್‌ಇ ಎಂಬ ಪತ್ರಿಕೆಯಲ್ಲಿ ವಸ್ತುವಿಜ್ಞಾನದ ವಿಭಾಗ ಆರಿಸಿಕೊಳ್ಳಬಹುದು. ಗೇಟ್ ಅಂಕ ಮೂರು ವರ್ಷ ಬಾಳುತ್ತದೆ.

ದುಡ್ಡಿನ ವಿಷಯ ಮನೆಯಲ್ಲಿ ಮೊದಲು ಬರುತ್ತದೆ, ಇಲ್ಲಿ ಕೊನೆಗೆ ಬಂತು. ಗೇಟ್ ಮೂಲಕ ಸೇರಿದ ಎಂಟೆಕ್ ವಿದ್ಯಾರ್ಥಿಗೆ ತಿಂಗಳಿಗೆ 12,400 ರೂಪಾಯಿ ಬರುತ್ತದೆ. ಪಿಎಚ್‌ಡಿಗೆ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000. ಹಳ್ಳಿಯ ಮನೆಗೆ ಇದು ಸಂಬಳವಲ್ಲ, ಆದರೆ ಹೊರೆಯಂತೂ ಅಲ್ಲ. ಮೀಸಲಾತಿ ಇರುವವರು ಒಂದು ಮಾತು ನೆನಪಿಡಬೇಕು: ಈ ಸಂಸ್ಥೆಗಳು ನೋಡುವುದು ಕೇಂದ್ರದ ಒಬಿಸಿ ಪಟ್ಟಿ, ಕೇಂದ್ರದ ನಮೂನೆಯ ಪ್ರಮಾಣಪತ್ರ. ರಾಜ್ಯದ ಕಾಗದ ಹಿಡಿದು ಕೌನ್ಸೆಲಿಂಗ್ ಹೊತ್ತಿಗೆ ತಹಶೀಲ್ದಾರ ಕಚೇರಿಗೆ ಓಡುವವರು ಪ್ರತಿವರ್ಷ ಇರುತ್ತಾರೆ.

ಪ್ರಯೋಗಾಲಯದ ದಿನಚರಿಯಲ್ಲಿ ಹೊರಗಿನವರು ಊಹಿಸುವಷ್ಟು ಥಳುಕಿಲ್ಲ. ಲೋಹದ ಚೂರನ್ನು ಎಮರಿ ಕಾಗದದ ಮೇಲೆ ಒರಟಿನಿಂದ ನಯಕ್ಕೆ ಉಜ್ಜುತ್ತ ಹೋಗಬೇಕು, ಆಮೇಲೆ ವಜ್ರದ ಪುಡಿಯ ಪೇಸ್ಟು ಹಾಕಿ ಕನ್ನಡಿಯ ಹೊಳಪು ಬರಿಸಬೇಕು. ಉಕ್ಕಾದರೆ ಮದ್ಯಸಾರದಲ್ಲಿ ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಕೆಲವು ಸೆಕೆಂಡು ಅದ್ದಿ ತೆಗೆದರೆ ಸೂಕ್ಷ್ಮದರ್ಶಕದ ಕೆಳಗೆ ಹರಳುಗಳ ಗಡಿಗೆರೆ ಮೂಡುತ್ತದೆ. ಒಂದು ಗೀರು ಉಳಿದರೆ ಮತ್ತೆ ಮೊದಲಿನಿಂದ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಸ್ಲಾಟ್ ಸಿಗಲು ವಾರಗಟ್ಟಲೆ ಕಾಯಬೇಕು, ಸಿಕ್ಕಿದ್ದು ನಡುರಾತ್ರಿಯದಾದರೂ ಆಶ್ಚರ್ಯವಿಲ್ಲ. ಕೈಯ ಕೆಲಸಕ್ಕೆ ಬೇಸರಪಡದವರಿಗೆ ಇದು ಹಿಡಿಸುತ್ತದೆ. ಹೊಲದ ಕೆಲಸ ಮಾಡಿ ಬಂದವರಿಗೆ ಇಲ್ಲಿ ಒಂದು ಸಣ್ಣ ಅನುಕೂಲವೇ ಇದೆ ಎಂದು ನನ್ನ ನಂಬಿಕೆ.

ಭಾಷೆಯ ಭಯ ನಿಜ, ಅದನ್ನು ಹಗುರ ಮಾಡಿ ಹೇಳುವುದು ಬೇಡ. ಗೇಟ್, ಜ್ಯಾಮ್ ಎರಡೂ ಇಂಗ್ಲಿಷಿನಲ್ಲೇ. ಆದರೆ ಈ ಪರೀಕ್ಷೆಗಳಲ್ಲಿ ಬರೆಯುವುದು ಪ್ರಬಂಧವಲ್ಲ. ಲೆಕ್ಕ, ಆಯ್ಕೆ, ಸಂಖ್ಯೆ. ಹನ್ನೆರಡನೆಯ ತರಗತಿಯಲ್ಲಿ ಇಂಗ್ಲಿಷಿನ ಏಟಿಗೆ ಮಾರ್ಕು ಕಳೆದುಕೊಂಡವರು ಬಿಎಸ್ಸಿಯ ಮೂರು ವರ್ಷದಲ್ಲಿ ಇಷ್ಟರ ಮಟ್ಟಿಗೆ ಚೇತರಿಸಿಕೊಳ್ಳಬಹುದು. ಜಕ್ಕೂರಿನ ಆ ಕೇಂದ್ರವನ್ನು ಕಟ್ಟಿದ, 2014ರಲ್ಲಿ ಭಾರತರತ್ನ ಪಡೆದ ಸಿ.ಎನ್.ಆರ್. ರಾವ್ ಅವರು ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರ ಮನೆಯಲ್ಲಿ ಇಂಗ್ಲಿಷ್ ಇತ್ತು, ಜತ್ತದ ಮನೆಗಳಲ್ಲಿ ಇಲ್ಲ ಎಂಬ ವ್ಯತ್ಯಾಸವನ್ನು ಮರೆಯದೆ ಈ ಮಾತು ಹೇಳುತ್ತಿದ್ದೇನೆ.

ಕೆಲಸ ಸಿಗುತ್ತದೆಯೇ? ಸಾಫ್ಟ್‌ವೇರಿನಷ್ಟು ಸಂಖ್ಯೆಯಲ್ಲಿ, ಅಷ್ಟು ಬೇಗ ಸಿಗುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಬೆಳಗಾವಿಯ ಅಲ್ಯುಮಿನಾ ಘಟಕ, ಅಲ್ಲಿಯೇ ಬೆಳೆದಿರುವ ವಿಮಾನ ಬಿಡಿಭಾಗಗಳ ಉದ್ಯಮ, ಬೆಂಗಳೂರಿನ ಎನ್‌ಎಎಲ್, ಎಚ್‌ಎಎಲ್, ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯ, ಈಗ ಏಳುತ್ತಿರುವ ಚಿಪ್ ಮತ್ತು ಬ್ಯಾಟರಿ ಘಟಕಗಳು ಇವರನ್ನು ಹುಡುಕುತ್ತವೆ. ತೇಜಸ್ ವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು ಶೇ 45 ಕಾಂಪೊಸಿಟ್. ಅದನ್ನು ಪರೀಕ್ಷಿಸುವ ಕೆಲಸ ಕೋಡ್ ಬರೆಯುವವರಿಂದ ಆಗುವುದಿಲ್ಲ. ಎಂಟೆಕ್ ಮುಗಿಸಿಯೂ ಸಾಫ್ಟ್‌ವೇರಿಗೇ ಜಿಗಿಯುವವರು ಬಹಳ ಮಂದಿ, ಅದನ್ನೂ ಮುಚ್ಚಿಡಬೇಕಾಗಿಲ್ಲ. ಎರಡು ವರ್ಷದಲ್ಲಿ ದೊಡ್ಡ ಸಂಬಳವೇ ಬೇಕು ಎನ್ನುವ ಮನೆಗೆ ಈ ಓದನ್ನು ನಾನು ಹೇಳುವುದಿಲ್ಲ. ನಾಲ್ಕೈದು ವರ್ಷ ತಾಳಿಕೊಳ್ಳಬಲ್ಲ ಮನೆಗೆ ಧೈರ್ಯವಾಗಿ ಹೇಳುತ್ತೇನೆ.

ಜ್ಯಾಮ್ ಮತ್ತು ಗೇಟ್ ಎರಡೂ ಫೆಬ್ರುವರಿಯಲ್ಲಿ ನಡೆಯುತ್ತವೆ. ಅರ್ಜಿ ಹಾಕುವ ಕಾಲ ಸಾಮಾನ್ಯವಾಗಿ ಆಗಸ್ಟ್ ಕೊನೆಯಿಂದ ಅಕ್ಟೋಬರಿನೊಳಗೆ ಮುಗಿದುಹೋಗುತ್ತದೆ. ಬಿಎಸ್ಸಿ ಕೊನೆಯ ವರ್ಷಕ್ಕೆ ಬಂದ ಮಗ, ಮಗಳು, ತಮ್ಮ, ತಂಗಿ ಮನೆಯಲ್ಲಿದ್ದರೆ ಗಣಪತಿ ಹಬ್ಬದ ಹೊತ್ತಿಗೆ ಈ ಎರಡು ಹೆಸರುಗಳನ್ನು ಅವರ ಕಿವಿಗೆ ಹಾಕಿ.